ಮೀನಿಲ್ಲದ ತೊಟ್ಟಿ

ನನ್ನ ಅಣ್ಣ ಬೀಗ ರಿಪೇರಿಯವನು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಚಪ್ಪಲಿ ಅಂಗಡಿಗೂ ಗಡಿಯಾರದ ಅಂಗಡಿಗೂ ನಡುವೆ, ಒಂದು ಸ್ಟೂಲು ಮತ್ತು ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗ ಅವನದು. ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಕೀಲಿಕೈ. ಕೀಲಿಕೈ ಕಳೆದುಕೊಂಡವರು ಬೆವರು ಒರೆಸಿಕೊಳ್ಳುತ್ತ ಓಡಿ ಬಂದರೆ ಇವನು ಸಾವಕಾಶವಾಗಿ ಎದ್ದು, ಚೀಲ ಹೆಗಲಿಗೇರಿಸಿಕೊಂಡು ಅವರ ಹಿಂದೆ ಹೋಗುತ್ತಾನೆ. ಅವನದೊಂದು ಹಠವಿದೆ. ಬೀಗದ ಯಜಮಾನ ಪಕ್ಕದಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಎಂಥ ಅವಸರವಿದ್ದರೂ ಮುಟ್ಟುವುದಿಲ್ಲ. ಈ ಹಠದಿಂದ ಅವನಿಗೆ ಒಳ್ಳೆಯ ಹೆಸರು ಬಂದಿದೆ. ಬೇರೆ ಏನೂ ಬಂದಿಲ್ಲ.

ನಾನು ಅವನ ಒಬ್ಬಳೇ ತಂಗಿ, ಎರಡು ಬೀದಿ ಆಚೆ ಇದ್ದೇನೆ. ನಮ್ಮ ಮನೆಗೆ ಬರಬೇಕಾಗಿದ್ದ ಬಾಯಿಯೆಲ್ಲ ನನ್ನ ಪಾಲಿಗೇ ಬಂದಿದೆ ಎಂದು ನನ್ನ ಗಂಡ ಹೇಳುತ್ತಾರೆ. ಸುಳ್ಳಲ್ಲ. ಅಣ್ಣ ಮಾತ್ರ ಯಾರಾದರೂ ಕಾಲು ತುಳಿದರೆ ‘ನನ್ನ ಕಾಲೇ ಅಡ್ಡ ಇತ್ತು’ ಎಂದು ಕ್ಷಮೆ ಕೇಳುವ ಪೈಕಿ. ಇಂಥವನು ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲೇ ಉಳಿದದ್ದರಲ್ಲಿ ಆಶ್ಚರ್ಯವೇನಿದೆ? ಅತ್ತೆಗೆ ಮಂಡಿನೋವು, ಒಬ್ಬರೇ ಇರಲಾಗದು, ಅವರ ಮಗನಿಗೆ ಟೈಲ್ಸ್ ಅಂಗಡಿ ಬಿಟ್ಟು ಬರಲಾಗದು. ಹೀಗೆ ಒಂದೊಂದೇ ಕಾರಣ ಕೂಡಿಕೊಂಡು ನನ್ನ ಅಣ್ಣ ಮನೆ ಅಳಿಯನಾದ. ಆ ಮನೆಯಲ್ಲಿ ನನ್ನದು ಎಂದು ಅವನು ಹೇಳಬಹುದಾಗಿದ್ದದ್ದು ಎರಡೇ: ಹಲ್ಲುಜ್ಜುವ ಬ್ರಷ್ಷು ಮತ್ತು ಮುಂದಿನ ಕೋಣೆಯ ಗಾಜಿನ ತೊಟ್ಟಿ.

ಆ ತೊಟ್ಟಿಯಲ್ಲಿ ಮೀನಿರಲಿಲ್ಲ. ಬಂದವರೆಲ್ಲ ಬಗ್ಗಿ ನೋಡಿ ಮೊದಲು ಕೇಳುತ್ತಿದ್ದದ್ದೇ ಅದು. ‘ಮೀನೆಲ್ಲಿ?’ ಅಣ್ಣ ‘ಇಲ್ಲ’ ಅನ್ನುತ್ತಿದ್ದ. ‘ಮತ್ತೆ?’ ‘ಗಿಡ ಇದೆಯಲ್ಲ.’ ಕೆಲವರು ಇನ್ನೊಂದು ಸಲ ಬಗ್ಗಿ ನೋಡಿ, ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ನಗುತ್ತಿದ್ದರು. ಯಾಕೆ ಮೀನು ಸಾಕುವುದಿಲ್ಲ ಎಂದು ನಾನೇ ಒಮ್ಮೆ ಜೋರು ಮಾಡಿ ಕೇಳಿದೆ.

“ಮೀನು ಹೇಳ್ದೆ ಕೇಳ್ದೆ ಹೋಗಿಬಿಡುತ್ತೆ ಕಣೇ. ಬೆಳಿಗ್ಗೆ ಚೆನ್ನಾಗಿರುತ್ತೆ, ಸಂಜೆ ಬಂದ್ರೆ ತೇಲ್ತಿರುತ್ತೆ. ಗಿಡ ಹಾಗಲ್ಲ. ಮೊದಲು ಎಲೆ ಹಳದಿ ಮಾಡುತ್ತೆ, ಆಮೇಲೆ ತೂತು ಮಾಡುತ್ತೆ. ನೋಟಿಸ್ ಕೊಡುತ್ತೆ. ಏನಾದ್ರೂ ಮಾಡೋಕೆ ಟೈಮ್ ಇರುತ್ತೆ.”

ವಾರದ ರಜೆಯ ದಿನ ಅವನು ಆ ತೊಟ್ಟಿಯ ಮುಂದೆ ಕೂತರೆ ಮಧ್ಯಾಹ್ನದ ಊಟಕ್ಕೆ ಎರಡು ಸಲ ಕರೆಯಬೇಕಿತ್ತು. ಬೀಗದ ಸ್ಪ್ರಿಂಗ್ ಹಿಡಿಯುವ ಉದ್ದನೆಯ ಚಿಮಟದಿಂದಲೇ ಗಿಡ ನೆಡುತ್ತಿದ್ದ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟು, ನಲ್ಲಿಯ ಔಷಧಿ ವಾಸನೆ ಹೋಗಿಸಿದ ನೀರನ್ನು ಲೋಟದಲ್ಲಿ ಹನಿಹನಿಯಾಗಿ ಬಿಡುತ್ತಿದ್ದ. ಗಿಡಗಳಿಗೆ ಅಂಗಡಿಯವರು ಹೇಳುವ ಉದ್ದುದ್ದ ಹೆಸರು ಅವನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ, ತಾನೇ ಹೆಸರಿಟ್ಟಿದ್ದ. ಹಿಂಬದಿಯಲ್ಲಿ ಮೇಲಕ್ಕೆದ್ದು ನೀರಿನ ಮೇಲೆ ಮಲಗುವುದು ರಿಬ್ಬನ್ನು. ತುದಿ ಕೆಂಪಾಗುವುದು ಕೆಂಪಿ. ನಡುವೆ ಕಂದು ಎಲೆಯ ಪೊದೆಯೊಂದಿತ್ತು, ಅದು ಮುನಿಸಿನ ಗಿಡ. ಜಾಗ ಬದಲಿಸಿದರೆ ಸಾಕು, ಮುನಿಸಿಕೊಂಡು ಎಲ್ಲ ಎಲೆಯನ್ನೂ ಕರಗಿಸಿಕೊಂಡುಬಿಡುತ್ತದೆ. ಆಮೇಲೆ ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ಬೇರಿನಿಂದ ಮತ್ತೆ ಬರುತ್ತದೆ. “ಥೇಟ್ ನಿನ್ನ ಹಾಗೆ” ಎಂದು ನನ್ನನ್ನು ಛೇಡಿಸುತ್ತಿದ್ದ.

ಅತ್ತೆಗೂ ಆ ತೊಟ್ಟಿಯೆಂದರೆ ಇಷ್ಟ. ಅದರ ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು, ಮಂಡಿಯ ಮೇಲೆ ಶಾಲು ಹೊದ್ದು, ದಿನವೆಲ್ಲ ಅಲ್ಲೇ ಇರುತ್ತಿದ್ದರು. ಮೀನು ಯಾವಾಗ ತರುತ್ತೀ ಎಂದು ಅಳಿಯನನ್ನು ಕೇಳುವುದು, ಅವನು ‘ನೋಡೋಣ ಅತ್ತೆ’ ಅನ್ನುವುದು, ಇಬ್ಬರಿಗೂ ಅದು ನಮಸ್ಕಾರ ಹೇಳಿಕೊಂಡ ಹಾಗೆ ಆಗಿಹೋಗಿತ್ತು. ಅತ್ತೆ ನನಗೆ ಅಷ್ಟಕ್ಕಷ್ಟೆ. ಆದರೂ ನನ್ನ ಅಣ್ಣನ ಜೊತೆ ಅವನ ಹುಚ್ಚಿನ ಪಕ್ಕದಲ್ಲೇ ಕೂರುತ್ತಿದ್ದ ಒಂದು ಜೀವ ಅದು. ಆ ಮಾತು ಒಪ್ಪಬೇಕು.

ಅತ್ತೆ ಎರಡು ದಿನದ ಜ್ವರಕ್ಕೆ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಕುರ್ಚಿಯ ಮೇಲೆ ಶಾಲು ಹಾಗೇ ಇತ್ತು, ಕನ್ನಡಕ ಶಾಲಿನ ಮೇಲಿತ್ತು. ಅದನ್ನು ಎತ್ತಿಡಲು ಅತ್ತಿಗೆಗೆ ಕೈ ಬರಲಿಲ್ಲ. ಎತ್ತಿಡುವ ಮೊದಲೇ ಜಗಳ ಶುರುವಾಯಿತು.

ಮುಂದಿನ ಕೋಣೆಯಲ್ಲೇ ಅತ್ತೆಯ ಬೀರು ಇತ್ತು. ಮನೆಯ ಕಾಗದಪತ್ರ, ಒಂದಿಷ್ಟು ಒಡವೆ ಎಲ್ಲ ಅದರೊಳಗೆ. ಅಮ್ಮನ ಜೊತೆಗಿದ್ದ ಅಕ್ಕ ಆಗಲೇ ಏನೇನು ಎತ್ತಿಟ್ಟುಕೊಂಡಿದ್ದಾಳೋ ಎಂದು ತಮ್ಮ. ಇಷ್ಟು ವರ್ಷ ಇತ್ತ ತಲೆಹಾಕದವನು ಈಗ ಬೀರುವಿನ ಅಳತೆ ತೆಗೆಯಲು ಬಂದ ಎಂದು ಅಕ್ಕ. ಒಂದು ಮಾತಿಗೆ ಹತ್ತು ಮಾತು ಬೆಳೆಯಿತು. ಕೊನೆಗೆ, ದೂರದ ಊರಿನಲ್ಲಿರುವ ಅವರ ಸೋದರಮಾವ ಬಂದು ಪಾಲು ಮಾಡಿಕೊಡುವ ತನಕ ಆ ಕೋಣೆಗೆ ಇಬ್ಬರೂ ಬೀಗ ಹಾಕಬೇಕೆಂದು ಒಪ್ಪಿಕೊಂಡರು. ಆ ಮಾತು ನಡೆದಾಗ ಅಣ್ಣ ಅಂಗಡಿಯಲ್ಲಿದ್ದ.

ಇಲ್ಲಿ ನನಗೆ ನಗಬೇಕೋ ಅಳಬೇಕೋ ತಿಳಿಯದು. ಅವತ್ತು ಭಾವಮೈದ ನೇರವಾಗಿ ಅಣ್ಣನ ಅಂಗಡಿಗೇ ಬಂದು, ಒಳ್ಳೆಯ ಗಟ್ಟಿ ಬೀಗ ಬೇಕು ಅಂದಿದ್ದಾನೆ. ಗೋದಾಮಿಗಿರಬೇಕು ಎಂದುಕೊಂಡು ಇವನು ಇದ್ದುದರಲ್ಲಿ ಗಟ್ಟಿಯಾದದ್ದನ್ನು ತೆಗೆದುಕೊಟ್ಟಿದ್ದಾನೆ. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಅದನ್ನೇ ಕೇಳಿದ್ದಾಳೆ. ಬೀರುವಿಗಿರಬೇಕು ಎಂದುಕೊಂಡು ಅವಳಿಗೂ ಅಂಥದ್ದನ್ನೇ ಕೊಟ್ಟಿದ್ದಾನೆ. ಸಂಜೆ ಮನೆಗೆ ಹೋದರೆ ಮುಂದಿನ ಕೋಣೆಯ ಬಾಗಿಲಿಗೆ ಮೇಲೊಂದು ಕೆಳಗೊಂದು, ತನ್ನ ಅಂಗಡಿಯ ಎರಡು ಬೀಗ ನೇತಾಡುತ್ತಿವೆ. ತೊಟ್ಟಿ ಒಳಗಿದೆ.

“ಅಯ್ಯೋ, ಅದು ಮರೆತೇಹೋಯ್ತು” ಅಂದಳಂತೆ ಅತ್ತಿಗೆ.

ಇವನು ಒಂದೇ ಒಂದು ಸಲ ಕೇಳಿದ. ಐದು ನಿಮಿಷ ತೆಗೆದರೆ ಸಾಕು, ತೊಟ್ಟಿ ಹೊರಗೆ ತಂದುಕೊಳ್ಳುತ್ತೇನೆ. ಅವಳು ಜಗಳದ ಸಿಟ್ಟಿಗೆ ಮುಖ ಊದಿಸಿಕೊಂಡಿದ್ದಳು. “ನಾನು ತೆಗೆದ್ರೆ ಅವನೂ ತೆಗೀಬೇಕಲ್ಲ. ಮೊದಲು ನಾನ್ಯಾಕೆ ಅವನ ಬಾಗಿಲಿಗೆ ಹೋಗ್ಲಿ? ಹೋದ್ರೆ ಬೀರು ತೆಗೆಯೋಕೆ ನೆಪ ಅಂತಾನೆ.” ಅಲ್ಲಿಂದಾಚೆಗೆ ಗಂಡಹೆಂಡಿರ ನಡುವೆ ಮಾತೆಂದರೆ ಊಟಕ್ಕೆ ಬನ್ನಿ, ಬಂದೆ, ಇಷ್ಟೇ.

ಮರುದಿನ ಭಾವಮೈದನ ಟೈಲ್ಸ್ ಅಂಗಡಿಗೆ ಹೋಗುವಾಗ ನಾನೂ ಬೆನ್ನು ಹತ್ತಿದೆ. ಇವನೊಬ್ಬನೇ ಹೋದರೆ ನಮಸ್ಕಾರ ಮಾಡಿ ವಾಪಸ್ಸು ಬರುತ್ತಾನೆ ಎಂದು ನನಗೆ ಗೊತ್ತು. ಭಾವಮೈದ ಕೆಟ್ಟವನಲ್ಲ. ಟೀ ತರಿಸಿದ, ಕುರ್ಚಿ ಒರೆಸಿ ಕೂರಿಸಿದ.

“ಭಾವ, ನೀವು ಕೇಳಿದ್ರೆ ನಾನು ಇಲ್ಲ ಅನ್ನಲ್ಲ. ಒಳಗೆ ಒಂದು ಜೀವ ಇದ್ರೆ ಈಗಲೇ ಕೀಲಿಕೈ ತಗೊಂಡು ಬರ್ತಿದ್ದೆ. ಮೀನು ಎಷ್ಟಿವೆ?”

ನಾನು ಅಣ್ಣನ ಕಾಲನ್ನು ಮೇಜಿನ ಕೆಳಗೆ ಒದ್ದೆ. ಹತ್ತು ಅನ್ನು, ಮಹಾರಾಯ, ನಾಲ್ಕು ಅನ್ನು. ಒಂದಾದರೂ ಅನ್ನು.

“ಮೀನಿಲ್ಲ” ಅಂದ ಅಣ್ಣ. ಸ್ವಲ್ಪ ಯೋಚಿಸಿ, “ಸಣ್ಣ ಬಸವನಹುಳ ಒಂದೆರಡು ಇರಬಹುದು. ಗಿಡದ ಜೊತೆ ತಾವೇ ಬಂದಿದ್ದು” ಎಂದು ಸೇರಿಸಿದ.

ಭಾವಮೈದ ನಕ್ಕುಬಿಟ್ಟ. “ಹೋಗ್ಲಿ ಬಿಡಿ ಭಾವ. ಮಾವ ಬರಲಿ, ಆಮೇಲೆ ನಾನೇ ನಿಮಗೆ ಒಂದು ಬುಟ್ಟಿ ಗಿಡ ತಂದ್ಕೊಡ್ತೀನಿ. ನೀರಲ್ಲಿರೋ ಹುಲ್ಲಿಗೆ ಅಕ್ಕನ ಮುಂದೆ ನಾನು ತಗ್ಗಬೇಕಾ?”

ದಾರಿಯಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. “ಬೆಪ್ಪುತಕ್ಕಡಿ! ಊರವರ ಬೀಗವೆಲ್ಲ ತೆಗೀತೀಯ. ನಿನ್ನ ಮನೇದು ಎರಡು ಬೀಗ ತೆಗೆದು, ತೊಟ್ಟಿಗೆ ನೀರು ಹಾಕಿ, ಮತ್ತೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತಲ್ಲ” ಎಂದು ಅವನು ಹೇಳಿದ್ದರೆ ನಾನು ಅವನನ್ನು ಅಲ್ಲೇ ಬಡಿಯುತ್ತಿದ್ದೆ. ಅವನು ಹಾಗೆ ಹೇಳಲಿಲ್ಲ. “ನಾಳೆ ಬೀರುವಲ್ಲಿ ಒಂದು ಉಂಗುರ ಕಮ್ಮಿ ಬಂದ್ರೆ ಇಬ್ಬರೂ ಯಾರ ಮುಖ ನೋಡ್ತಾರೆ?” ಅಂದ. ಅವನ ಮಾತು ಸರಿಯಾಗಿದ್ದುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಹಾಗಂತ ಅವನು ಕೈ ಕಟ್ಟಿ ಕೂರಲಿಲ್ಲ. ಕೈಗೆ ಸಿಗುವುದು ಒಂದೇ ಒಂದಿತ್ತು. ಆ ಹಳೆಯ ಕೋಣೆಯಲ್ಲಿ ಪ್ಲಗ್ ಇರಲಿಲ್ಲವಾದ್ದರಿಂದ, ತೊಟ್ಟಿ ತಂದಾಗ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ತಂತಿ ಎಳೆದು ನಡುಮನೆಯ ಗೋಡೆಯಲ್ಲಿ ಎರಡು ಸ್ವಿಚ್ಚು ಹಾಕಿಸಿದ್ದ. ಒಂದು ನೀರು ಶುದ್ಧ ಮಾಡುವ ಪಂಪಿಗೆ, ಇನ್ನೊಂದು ತೊಟ್ಟಿಯ ಮೇಲಿನ ದೀಪಕ್ಕೆ. ಕೋಣೆಯ ಟ್ಯೂಬ್‌ಲೈಟಿನ ಸ್ವಿಚ್ಚು ಒಳಗೇ ಉಳಿಯಿತು. ತೊಟ್ಟಿಯ ದೀಪ ಮಾತ್ರ ಅವನ ಕೈಯಲ್ಲಿತ್ತು.

ಅವನು ಅದನ್ನು ಆರಿಸಿದ. ನಾನು ಕೇಳಿದಾಗ ಸಣ್ಣ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಗಿಡಕ್ಕೆ ಬೆಳಕು ಅಂದರೆ ಹಸಿವು. ದೀಪ ಹಾಕಿದರೆ ಬೆಳೆಯಬೇಕು ಅನ್ನಿಸುತ್ತದೆ, ಬೆಳೆಯಲು ಊಟ ಬೇಕು. ವಾರಕ್ಕೊಮ್ಮೆ ಇವನು ಹಾಕುತ್ತಿದ್ದ ಗೊಬ್ಬರದ ಹನಿ ಈಗಿಲ್ಲ, ಹೊಸ ನೀರಿಲ್ಲ, ಉದುರಿದ ಎಲೆ ತೆಗೆಯುವವರಿಲ್ಲ. ಹಸಿದ ಗಿಡ ಸೊರಗುತ್ತದೆ. ಆಗ ಏನೂ ಇಲ್ಲದೆ ಬದುಕುವ ಪಾಚಿ ಬಂದು ಎಲೆಯ ಮೇಲೆ ಕೂರುತ್ತದೆ. ಅದೇ ಕತ್ತಲಲ್ಲಿಟ್ಟರೆ ಗಿಡ ನಿಧಾನವಾಗುತ್ತದೆ. ಉಸಿರು ಹಿಡಿದುಕೊಂಡು ಕೂತಿರುತ್ತದೆ. ಕೆಂಪಿ ಹೋಗಬಹುದು, ಅದಕ್ಕೆ ತಾಳ್ಮೆಯಿಲ್ಲ. ಮುನಿಸಿನ ಗಿಡದ ಬೇರಾದರೂ ಉಳಿದರೆ ಸಾಕು, ಅಲ್ಲಿಂದ ಮತ್ತೆ ಎಲ್ಲ ಶುರು ಮಾಡಬಹುದು.

“ಅತ್ತಿಗೆಗೆ ಹೇಳಿದೀಯಾ?”

“ಅವಳನ್ನ ಈಗ ಯಾಕೆ ಕೆದಕೋದು.”

ಆ ಕೋಣೆಗೆ ಬೀದಿಯ ಕಡೆ ಒಂದು ಕಿಟಕಿಯಿದೆ. ಎದುರಿಗೆ ಎತ್ತರದ ಕಟ್ಟಡ, ಬಿಸಿಲು ಅತ್ತ ಸುಳಿಯುವುದಿಲ್ಲ. ತೊಟ್ಟಿಯ ದೀಪ ಉರಿಯದಿದ್ದರೆ ಒಳಗೆ ಏನೂ ಕಾಣದು. ಉಳಿಸಿಕೊಳ್ಳಬೇಕಾದರೆ ನೋಡಬಾರದು ಎಂಬಂಥ ಪಾಡು ನನ್ನ ಅಣ್ಣನದು. ರಜೆಯ ದಿನ ಮಾತ್ರ ಸ್ವಲ್ಪ ಹೊತ್ತು ದೀಪ ಹಾಕಿ, ಓಡಿಹೋಗಿ, ಕಿಟಕಿಯ ಸರಳು ಹಿಡಿದುಕೊಂಡು ನಿಂತು ನೋಡುತ್ತಿದ್ದ. ಒಮ್ಮೆ ದಾರಿಹೋಕನೊಬ್ಬ “ಏನ್ರೀ, ಯಾರ ಮನೆ ಇಣುಕ್ತಿದೀರ?” ಎಂದು ಗದರಿದನಂತೆ. “ನನ್ನದೇ” ಎಂದು ಇವನು ಹೇಳಿದ್ದನ್ನು ಆತ ನಂಬಲಿಲ್ಲವಂತೆ. ಅಣ್ಣ ಅದನ್ನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಉಳಿದ ದಿನ ಅವನಿಗೆ ಕಿವಿಯೇ ಗತಿ. ತೊಟ್ಟಿಯ ಹಿಂದೆ ನೇತುಹಾಕಿದ ಪಂಪಿನಿಂದ ನೀರು ತೆಳ್ಳಗೆ ಜಾರಿ ತೊಟ್ಟಿಗೇ ಬೀಳುತ್ತದೆ. ತೊಟ್ಟಿ ತುಂಬಿದ್ದಾಗ ಸದ್ದೇ ಇರುವುದಿಲ್ಲ. ನೀರು ಆರಿ ಇಳಿದ ಹಾಗೆಲ್ಲ ಬೀಳುವ ಎತ್ತರ ಜಾಸ್ತಿಯಾಗಿ ಸದ್ದು ಏರುತ್ತದೆ. ಮೊದಲು ಬಾಗಿಲಿಗೆ ಕಿವಿ ಇಟ್ಟರೆ ಕೇಳುತ್ತಿತ್ತು. ಆಮೇಲೆ ನಡುಮನೆಯಲ್ಲಿ ಕೂತರೆ ಕೇಳತೊಡಗಿತು. ಆಮೇಲೆ ಅಡುಗೆಮನೆಯಲ್ಲೂ. ಊಟ ಮಾಡುತ್ತಿರುವಾಗ ಅಣ್ಣ ತುತ್ತು ಹಿಡಿದುಕೊಂಡು ತಲೆ ಓರೆ ಮಾಡುತ್ತಿದ್ದ. “ನಾಲ್ಕು ಬೆರಳು ಇಳಿದಿದೆ” ಅನ್ನುತ್ತಿದ್ದ. ಅತ್ತಿಗೆ ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ಎಂಥ ಕಲ್ಲು ಹೆಂಗಸು ಎಂದು ನಾನು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಸೋದರಮಾವ ಬರುವವರು ಬರಲಿಲ್ಲ. ಮೊದಲು ಕಣ್ಣಿನ ಆಪರೇಷನ್ ಅಂದರು. ಆಮೇಲೆ ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ ಅಂದರು. ಆಮೇಲೆ ಇನ್ನೊಂದು ಕಣ್ಣು. ನಾನೇ ಫೋನು ಮಾಡಿ ಜೋರು ಮಾಡಿದೆ. “ಅಮ್ಮಾ, ಬೀರು ಎಲ್ಲಿಗೆ ಓಡಿಹೋಗುತ್ತೆ?” ಅಂದರು ಆ ಪುಣ್ಯಾತ್ಮ.

ಅಂಥ ಒಂದು ಮಧ್ಯಾಹ್ನ ನಾನು ಆ ಬೀದಿಯಲ್ಲಿ ಹೋಗುತ್ತಿದ್ದೆ. ಅಣ್ಣ ಅಂಗಡಿಯಲ್ಲಿರುವ ಹೊತ್ತು. ದೂರದಿಂದಲೇ ಕಂಡಿತು: ಮುಂದಿನ ಕೋಣೆಯ ಕಿಟಕಿ ಬೆಳಗುತ್ತಿದೆ, ಅದರ ಎದುರು ಅತ್ತಿಗೆ ಸರಳುಗಳಿಗೆ ಹಣೆ ಆನಿಸಿಕೊಂಡು ನಿಂತಿದ್ದಾಳೆ. ಹತ್ತಿರ ಹೋದೆ. ತೊಟ್ಟಿಯ ದೀಪ ಝಗಝಗ ಉರಿಯುತ್ತಿತ್ತು. ಗಾಜಿನ ಮೇಲೆ ಹಸಿರು ಬಣ್ಣ ಬಳಿದ ಹಾಗೆ ಪಾಚಿ. ರಿಬ್ಬನ್ನುಗಳ ಮೈಮೇಲೆಲ್ಲ ಕೂದಲಿನಂಥದ್ದು ಜೋತುಬಿದ್ದಿತ್ತು. ಕೆಂಪಿ ಇರಲೇ ಇಲ್ಲ.

“ಅತ್ತಿಗೆ, ದೀಪ ಯಾರು ಹಾಕಿದ್ದು?”

ಅವಳು ಬೆಚ್ಚಿಬಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನೇ. ದಿನಾ ಅವರು ಅಂಗಡಿಗೆ ಹೋದ ಮೇಲೆ ಹಾಕ್ತೀನಿ, ಬರೋಕೆ ಮುಂಚೆ ಆರಿಸ್ತೀನಿ. ನನ್ನ ಮೇಲಿನ ಸಿಟ್ಟಿಗೆ ದೀಪ ಆರಿಸಿಟ್ಟಿದಾರೆ ನಿಮ್ಮಣ್ಣ. ಗಿಡ ಏನು ತಪ್ಪು ಮಾಡಿದಾವೆ? ನೀರಂತೂ ಹಾಕೋಕಾಗಲ್ಲ, ಬೆಳಕಾದ್ರೂ ಕಾಣಲಿ ಅಂತ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಅವರಿಗೆ ಹೇಳಬೇಡ.”

ನನ್ನ ಬಾಯಿ ತುದಿಗೆ ಎಲ್ಲ ಬಂದಿತ್ತು. ನುಂಗಿಕೊಂಡೆ. ಕರುಣೆಯಿಂದಲ್ಲ. ಜೀವಮಾನದಲ್ಲಿ ಒಂದು ಸಲವಾದರೂ ಅಣ್ಣನೇ ಹೆಂಡತಿಗೆ ನಾಲ್ಕು ಮಾತು ಅನ್ನಲಿ, ಆ ಸುಖ ಅವನಿಗೇ ಸಿಗಲಿ ಎಂದುಕೊಂಡು ನೇರ ಅವನ ಅಂಗಡಿಗೆ ದಾಪುಗಾಲು ಹಾಕಿದೆ.

ಅವನು ಒಂದು ಕೀಲಿಕೈಗೆ ಅರ ಉಜ್ಜುತ್ತಿದ್ದ. ನಾನು ಉಸಿರು ಬಿಡದೆ ಹೇಳಿ ಮುಗಿಸಿದೆ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಗೊತ್ತು” ಅಂದ.

“ಏನು ಗೊತ್ತು?”

“ರಜೆ ದಿನ ನೋಡಿದೆನಲ್ಲ, ಗಾಜು ಹಸಿರಾಗಿತ್ತು. ಕತ್ತಲಲ್ಲಿದ್ರೆ ಹಾಗಾಗಲ್ಲ. ಆಮೇಲೆ ಒಂದಿನ ಊಟಕ್ಕೆ ಅಂತ ಬೇಗ ಹೋದೆ. ಕಿಟಕಿ ಹತ್ರ ನಿಂತಿದ್ಲು. ಮೂಲೆಯಿಂದಲೇ ವಾಪಸ್ ಬಂದೆ.”

ನನಗೆ ತಲೆ ಕೆಟ್ಟುಹೋಯಿತು. “ಗೊತ್ತಿದ್ದೂ ಸುಮ್ಮನಿದೀಯಾ? ಒಂದು ಮಾತು ಹೇಳೋಕೇನು ರೋಗ? ಹೇಳಿದ್ರೆ ನಿಲ್ಲಿಸ್ತಾರೆ!”

“ನಿಲ್ಲಿಸಿಬಿಡ್ತಾಳೆ. ಅದಕ್ಕೇ ಹೇಳಿಲ್ಲ.”

ಅವನು ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿ, ಊದಿ, ಕೆಳಗಿಟ್ಟ. “ತೊಟ್ಟಿ ಪಕ್ಕ ಏನಿದೆ ಹೇಳು? ಅವರಮ್ಮನ ಕುರ್ಚಿ. ಶಾಲು ಇನ್ನೂ ಅದರ ಮೇಲೇ ಇದೆ. ಆ ಕೋಣೇಲಿ ಬೇರೆ ಲೈಟ್ ಹಾಕೋಕಾಗಲ್ಲ. ಈ ದೀಪ ಹಾಕಿದ್ರೆ ಮಾತ್ರ ಕುರ್ಚಿ ಕಾಣುತ್ತೆ. ಅವಳು ಗಿಡ ನೋಡ್ತಿರಲಿಲ್ಲ ಕಣೇ. ಅವರಮ್ಮ ಹೋದಾಗಿನಿಂದ ಅವಳು ಸರಿಯಾಗಿ ಅತ್ತಿದ್ದೇ ನಾನು ನೋಡಿರಲಿಲ್ಲ. ಬರೀ ಜಗಳ ಆಡಿದ್ಲು. ಈಗ ದಿನಾ ಅಲ್ಲಿ ನಿಂತು ಅಳ್ತಾಳೆ. ಗಿಡದ ನೆಪ ಇರೋದಕ್ಕೆ ಅಳ್ತಾಳೆ. ಆ ನೆಪ ನಾನು ಕಿತ್ಕೊಳ್ಳಾ?”

“ನಿನ್ನ ಗಿಡ?” ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

ಅಷ್ಟರಲ್ಲಿ ಯಾರೋ ಕೀಲಿಕೈ ಕೇಳಿಕೊಂಡು ಬಂದರು. ನಾನು ಬೇಕಾಗಿಯೇ ಸ್ವಲ್ಪ ಹೊತ್ತು ನಿಂತೆ. ಅವನು ನನ್ನ ಕಡೆ ತಿರುಗಲಿಲ್ಲ. ಚಪ್ಪಲಿ ಅಂಗಡಿಯ ಮುಂದೆ ಹಾದು ಮನೆಗೆ ಬಂದೆ. ಅವತ್ತು ರಾತ್ರಿ ಗಂಡನ ಮೇಲೆ, ಪಾತ್ರೆಗಳ ಮೇಲೆ, ಎಲ್ಲದರ ಮೇಲೂ ಹರಿಹಾಯ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅತ್ತಿಗೆಯ ಮೇಲೆ ಮಾಡಿಕೊಳ್ಳೋಣವೆಂದರೆ ಅವಳ ಒದ್ದೆ ಕೈ ನನ್ನ ಕೈ ಮೇಲೆ ಇನ್ನೂ ಇದ್ದ ಹಾಗಿತ್ತು.

ಮುಂದಿನ ರಜೆಯ ದಿನ ಹೋದಾಗ ಅಣ್ಣ ಬೀದಿಯಲ್ಲಿ ಸ್ಟೂಲು ಹಾಕಿಕೊಂಡು ಕಿಟಕಿಯ ಗಾಜನ್ನು ಹೊರಗಿನಿಂದ ಉಜ್ಜುತ್ತಿದ್ದ. ಸೋಪಿನ ನೀರು, ಆಮೇಲೆ ಒಣಬಟ್ಟೆ, ಆಮೇಲೆ ಹಳೆಯ ಪತ್ರಿಕೆ. ಪಕ್ಕದ ಮನೆಯವರು “ಇಷ್ಟು ಉಜ್ಜಿದ್ರೆ ಗಾಜೇ ಸವೆದುಹೋಗುತ್ತೆ, ಅಷ್ಟೊಂದು ಗಿಡದ ಹುಚ್ಚಾ?” ಎಂದು ಕೀಟಲೆ ಮಾಡಿದರು. ಅವನು “ಹೂಂ, ಏನ್ಮಾಡೋದು” ಅಂದ. ಕೆಳಗಿಳಿದು ಕಿಟಕಿಯ ಮುಂದೆ ನಿಂತು, ಅತ್ತಿಗೆಯ ಎತ್ತರಕ್ಕೆ ಮಂಡಿ ಬಗ್ಗಿಸಿ ಒಂದು ಸಲ ಒಳಗೆ ನೋಡಿದ. ಒಂದು ಮೂಲೆಯಲ್ಲಿ ಉಳಿದಿದ್ದ ಕಲೆಯನ್ನು ಉಗುರಿನಿಂದ ಕೆರೆದ.

ಆಮೇಲೆ ನಡೆದದ್ದನ್ನು ಹೇಳಲು ಹೆಚ್ಚೇನೂ ಇಲ್ಲ. ಸದ್ದು ಏರುತ್ತ ಏರುತ್ತ ಒಂದು ದಿನ ನಿಂತಿತು. ನೀರು ಪಂಪಿನ ಬಾಯಿಗಿಂತ ಕೆಳಗಿಳಿದಿತ್ತು. ಒಣ ಮೋಟಾರು ಗೊರಗೊರ ಅನ್ನುವುದು ಕೇಳಿ ಅಣ್ಣ ಅದರ ಸ್ವಿಚ್ಚನ್ನೂ ಆರಿಸಿದ. ಮನೆಯೆಲ್ಲ ಸುಮ್ಮನಾಯಿತು. ಊಟಕ್ಕೆ ಕೂತಾಗ ಅವನು ಅಭ್ಯಾಸಬಲದಿಂದ ತಲೆ ಓರೆ ಮಾಡಿ, ಏನೂ ಕೇಳಿಸದೆ ತುತ್ತು ಬಾಯಿಗಿಟ್ಟುಕೊಂಡ. ಬಾಗಿಲ ಸಂದಿಯಿಂದ ಕೊಳೆತ ಎಲೆಯ ವಾಸನೆ ನಡುಮನೆಗೆ ಬರತೊಡಗಿತು. ಅತ್ತಿಗೆ ಬಾಗಿಲ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿಟ್ಟಳು. ಹಗಲು ದೀಪ ಮಾತ್ರ ತಪ್ಪದೆ ಉರಿಯುತ್ತಿತ್ತು. ಎಲ್ಲ ಗೊತ್ತಿದ್ದ ನಾನು, ಇಡೀ ಬೀದಿಗೆ ಬಾಯಿ ಎನಿಸಿಕೊಂಡವಳು, ತುಟಿ ಪಿಟಕ್ಕೆನ್ನದೆ ಬಂದು ಹೋಗಿ ಮಾಡುತ್ತಿದ್ದೆ. ಅಣ್ಣನಿಗೆ ಸಹಾಯ ಮಾಡಬೇಕಾದರೆ ಅತ್ತಿಗೆಯನ್ನು ನೋಯಿಸಬೇಕು; ಅತ್ತಿಗೆಯನ್ನು ನೋಯಿಸಿದರೆ ಅಣ್ಣನಿಗೇ ಹೆಚ್ಚು ನೋವು. ಇಂಥ ಕಡೆ ಬಾಯಿ ಇದ್ದು ಏನು ಉಪಯೋಗ?

ಕೊನೆಗೂ ಸೋದರಮಾವ ಕಪ್ಪು ಕನ್ನಡಕ ಹಾಕಿಕೊಂಡು, ಕೋಲೂರಿಕೊಂಡು ಬಂದಿಳಿದರು. ಅಕ್ಕತಮ್ಮಂದಿರು ಬಾಗಿಲ ಎರಡು ಕಡೆ ನಿಂತರು. ಮೇಲಿನದನ್ನು ಅವನು ತೆಗೆದ, ಕೆಳಗಿನದನ್ನು ಅವಳು ತೆಗೆದಳು. ಬಾಗಿಲು ದೂಡಿದೊಡನೆ ವಾಸನೆ ಮುಖಕ್ಕೆ ಬಡಿಯಿತು. ಭಾವಮೈದ ಕರವಸ್ತ್ರ ಮೂಗಿಗಿಟ್ಟುಕೊಂಡು ನೇರ ಬೀರುವಿನತ್ತ ನಡೆದ. ಅತ್ತಿಗೆ ಕುರ್ಚಿಯ ಹತ್ತಿರ ನಿಂತು, ಕನ್ನಡಕ ಎತ್ತಿ, ಶಾಲು ಎತ್ತಿ, ತೋಳಿನ ಮೇಲೆ ಹಾಕಿಕೊಂಡಳು.

ಪಾಲು ಎಷ್ಟು ಹೊತ್ತು ಹಿಡಿಯಿತು ಅನ್ನುತ್ತೀರಿ? ನಾನು ಮಾಡಿ ತಂದ ಟೀ ಆರುವಷ್ಟರಲ್ಲಿ ಮುಗಿಯಿತು. ಇದು ನಿನಗೆ ಇರಲಿ ಎಂದು ತಮ್ಮ, ಬೇಡ ನೀನೇ ಇಟ್ಕೋ ಎಂದು ಅಕ್ಕ. ಸೋದರಮಾವನಿಗೆ ಹೇಳಲು ಏನೂ ಉಳಿಯಲಿಲ್ಲ. ಇಬ್ಬರೂ ಕಣ್ಣೀರು ಹಾಕಿ ಸಮಾಧಾನವಾದರು. ಒಳ್ಳೆಯದೇ ಆಯಿತು. ನನಗೆ ಮಾತ್ರ ಆ ಇಬ್ಬರ ತಲೆಯನ್ನೂ ಹಿಡಿದು ಢಿಕ್ಕಿ ಹೊಡೆಸಬೇಕು ಅನ್ನಿಸಿತು.

ಅಣ್ಣ ಅಂಗಿಯ ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಸಿದ್ದ. ನೀರು ಅರ್ಧಕ್ಕೆ ಬಂದಿತ್ತು, ಗಂಜಿಯ ಹಾಗೆ ಗಟ್ಟಿಯಾಗಿತ್ತು. ರಿಬ್ಬನ್ನುಗಳು ಹಿಡಿದರೆ ಕೈಯಲ್ಲೇ ಕರಗುತ್ತಿದ್ದವು. ಅವನು ಅವನ್ನು ಬಿಟ್ಟು ತಳದ ಜಲ್ಲಿಯೊಳಗೆ ಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡು, ಮುನಿಸಿನ ಗಿಡ ಇದ್ದ ಜಾಗವನ್ನು ತಡಕಿದ. ಬಹಳ ಹೊತ್ತು ತಡಕಿದ. ಕೈ ಹೊರತೆಗೆದಾಗ ಬೆರಳ ತುದಿಯಲ್ಲಿ ಕಪ್ಪಗಿನ ಲೋಳೆ ಇತ್ತು, ಬೇರು ಅನ್ನುವಂಥದ್ದು ಏನೂ ಇರಲಿಲ್ಲ. ಅದನ್ನು ಅವನು ಒರೆಸಿಕೊಳ್ಳಲಿಲ್ಲ, ನೋಡುತ್ತ ನಿಂತ. ನನ್ನ ಅಣ್ಣನ ಮುಖ ಹಾಗಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಅತ್ತಿಗೆ ಶಾಲು ಅವಚಿಕೊಂಡು ಪಕ್ಕಕ್ಕೆ ಬಂದಳು. ತೊಟ್ಟಿಯನ್ನು ನೋಡಿದಳು, ಅವನ ಕೈ ನೋಡಿದಳು. “ನಿಮಗೆ ಹೇಳಿರಲಿಲ್ಲ. ನಾನು ದಿನಾ ದೀಪ ಹಾಕ್ತಿದ್ದೆ ಕಣ್ರೀ. ಒಂದಿನಾನೂ ಬಿಟ್ಟಿಲ್ಲ. ಆದ್ರೂ ಉಳೀಲಿಲ್ಲ, ಅಲ್ವಾ?”

ನಾನು ಬಾಯಿ ತೆರೆದೆ.

“ಇಷ್ಟು ದಿನ ಉಳಿದಿದ್ದೇ ನೀನು ದೀಪ ಹಾಕಿದ್ದಕ್ಕೆ” ಅಂದ ಅಣ್ಣ. “ಇಲ್ಲದಿದ್ರೆ ಮೊದಲ ವಾರಾನೇ ಹೋಗ್ತಿತ್ತು.”

ಅವಳು ತಲೆಯಾಡಿಸಿದಳು. ನಾನು ಬಕೆಟ್ ತರಲು ಒಳಗೆ ಹೋದೆ.